ಬೆಳಕು ಹರಿಯುವ ಮೊದಲೇ ಕೂತಿರಬೇಕು: ಕಾಡು ಟರ್ಕಿ ಶಿಕಾರಿಗೆ ಮೊದಲ ಸಲ ಹೊರಟವರಿಗೆ

ಅಮೆರಿಕದಲ್ಲಿ ಏಪ್ರಿಲ್, ಮೇ ಬಂತು ಅಂದರೆ ಕಾಡು ಟರ್ಕಿ ಅನ್ನುವ ದೊಡ್ಡ ಹಕ್ಕಿಯ ಶಿಕಾರಿ ಸೀಸನ್. ಇಲ್ಲಿ ನೆಲೆಸಿರುವ ನಮ್ಮವರಲ್ಲಿ, ಅದರಲ್ಲೂ ಕೊಡಗು, ಮಲೆನಾಡು ಕಡೆಯಿಂದ ಬಂದವರಲ್ಲಿ, ಇದರ ಬಗ್ಗೆ ಆಸೆ ಇದ್ದೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದವರು ಬಹಳ ಜನ. ಊರಲ್ಲಿ ಅಜ್ಜನ ಕಾಲದ ಶಿಕಾರಿ ಕಥೆ ಕೇಳಿರುತ್ತಾರೆ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಅದು ಮುಗಿದ ಮಾತು. ಮುಗಿದದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇಲ್ಲಿನ ಲೆಕ್ಕ ಬೇರೆ. 1930ರ ದಶಕದಲ್ಲಿ ಈ ಹಕ್ಕಿ ದೇಶದಲ್ಲೆಲ್ಲಾ ಸೇರಿ ಸುಮಾರು 2 ಲಕ್ಷಕ್ಕೆ ಇಳಿದಿತ್ತು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು, ಬಂದೂಕು ಮತ್ತು ಕಾಡತೂಸಿನ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿಗಳ ಕೆಲಸಕ್ಕೆ ಹೋಗತೊಡಗಿತು. ಆಮೇಲೆ ಕಾಡಿನ ಹಕ್ಕಿಗಳನ್ನೇ ಬಲೆ ಹಾರಿಸಿ ಹಿಡಿದು ಖಾಲಿಯಾಗಿದ್ದ ಕಾಡುಗಳಿಗೆ ಬಿಟ್ಟರು. ಫಾರಂನಲ್ಲಿ ಸಾಕಿದ ಹಕ್ಕಿ ಬಿಟ್ಟು ನೋಡಿದ್ದರು, ಅವು ಬದುಕಲಿಲ್ಲ. ಈಗ ಈ ಹಕ್ಕಿಯ ಸಂಖ್ಯೆ 60 ಲಕ್ಷದ ಆಸುಪಾಸಿನಲ್ಲಿದೆ. ನೀವು ಕೊಡುವ ಲೈಸೆನ್ಸ್ ದುಡ್ಡೂ ಇದೇ ಕೆಲಸಕ್ಕೆ ಸೇರುತ್ತದೆ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಇಲ್ಲಿ ನಾನು ಪೆನ್ಸಿಲ್ವೇನಿಯಾವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ರಾಜ್ಯದ್ದನ್ನು ಪ್ರತಿ ವರ್ಷ ಹೊಸದಾಗಿ ಓದಿಕೊಳ್ಳಿ, ಹೋದ ವರ್ಷದ್ದೇ ಈ ವರ್ಷಕ್ಕೂ ಅಂತ ಅಂದುಕೊಳ್ಳಬೇಡಿ.

ಮೊದಲು ಕಾಗದ ಪತ್ರ

ವೀಸಾದಲ್ಲಿ ಇರುವವರು ಈ ಭಾಗವನ್ನು ಎರಡು ಸಲ ಓದಿ. ಕೆಲಸಕ್ಕೋ ಓದಿಗೋ ಕೊಡುವ ಎಚ್-1ಬಿ, ಎಲ್-1, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಹಿಡಿಯುವುದೇ ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಸುಮ್ನೆ ಗೆಳೆಯನ ಬಂದೂಕನ್ನು ಒಂದು ಸಲ ಕೈಗೆ ತೆಗೆದುಕೊಂಡು ಗುರಿ ಅಭ್ಯಾಸ ಮಾಡಿದರೂ ಅಷ್ಟೇ. ಆದರೆ ಅದೇ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ: ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇದ್ದರೆ ಆ ನಿಷೇಧ ನಿಮಗೆ ಅನ್ವಯಿಸುವುದಿಲ್ಲ. ಹಾಗಾಗಿ ಮೊದಲು ಲೈಸೆನ್ಸ್, ಆಮೇಲೆ ಬಂದೂಕು. ಈ ಕ್ರಮ ತಪ್ಪಿಸಬೇಡಿ. ಲೈಸೆನ್ಸಿನ ಅವಧಿ ಯಾವಾಗ ಮುಗಿಯುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ, ಯಾಕೆಂದರೆ ಅದು ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಏನೇ ಸಂಶಯ ಇದ್ದರೂ ವಲಸೆ ವಕೀಲರನ್ನು ಒಂದು ಮಾತು ಕೇಳಿ. ಒಂದು ಹಕ್ಕಿಗೋಸ್ಕರ ಇಡೀ ಕುಟುಂಬದ ಇಲ್ಲಿನ ಬದುಕನ್ನು ಪಣಕ್ಕೆ ಇಡುವುದು ಬೇಡ.

ಲೈಸೆನ್ಸ್ ಸಿಗಬೇಕಾದರೆ ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ಹೆಚ್ಚಿನ ರಾಜ್ಯಗಳಲ್ಲಿ ಆನ್‌ಲೈನಲ್ಲೇ ಮಾಡಬಹುದು. ಆದರೂ ತರಗತಿಗೆ ಹೋಗಿ ಕಲಿಯುವ ಅವಕಾಶ ಇದ್ದರೆ ಅದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಕಲಿಸುವವರು ಬಹುತೇಕ ಅದೇ ಊರಿನ ಹಳೆಯ ಬೇಟೆಗಾರರು, ಬಿಡುವಿನಲ್ಲಿ ಮಾತಾಡಿಸಿದರೆ ಯಾವ ಕಾಡಿಗೆ ಹೋಗಬೇಕು ಅನ್ನುವಲ್ಲಿಂದ ಹಿಡಿದು ಎಲ್ಲ ಹೇಳುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಅನುಭವಿ ಬೇಟೆಗಾರರ ಜೊತೆ ಹೋಗಿ ಕಲಿಯುವ ವ್ಯವಸ್ಥೆ ದೊಡ್ಡವರಿಗೂ ಇದೆ.

ವಸಂತದಲ್ಲಿ ಹೊಡೆಯಬಹುದಾದದ್ದು ಗಡ್ಡ ಇರುವ ಹಕ್ಕಿ ಮಾತ್ರ. ಗಡ್ಡ ಅಂದರೆ ಎದೆಯಿಂದ ಕುದುರೆ ಬಾಲದ ಕೂದಲಿನ ಥರ ಜೋತು ಬೀಳುವ ಕಪ್ಪು ಕುಚ್ಚು. ಸೀಸನ್ ಈ ಸಮಯದಲ್ಲಿ ಇರುವುದಕ್ಕೂ ಕಾರಣ ಇದೆ. ಅಷ್ಟು ಹೊತ್ತಿಗೆ ಹೇಂಟೆಗಳು ಬಹುಪಾಲು ಕೂಡಿ ಮೊಟ್ಟೆ ಇಡಲು ಶುರು ಮಾಡಿರುತ್ತವೆ. ಒಂದು ಗೂಡಿನಲ್ಲಿ 10ರಿಂದ 12 ಮೊಟ್ಟೆ, 28 ದಿನ ಕಾವು. ಒಂದು ಹುಂಜ ಹಲವು ಹೇಂಟೆಗಳನ್ನು ಕೂಡುವುದರಿಂದ ಕೆಲವು ಹುಂಜ ಕಡಿಮೆಯಾದರೂ ಮುಂದಿನ ಪೀಳಿಗೆಗೆ ದೊಡ್ಡ ಪೆಟ್ಟಾಗುವುದಿಲ್ಲ. ಹಾಗಾಗಿ ಹೇಂಟೆಯನ್ನು ಬಿಟ್ಟುಬಿಡಿ. ಕೆಲವು ಹೇಂಟೆಗಳಿಗೂ ಗಡ್ಡ ಬರುತ್ತದೆ, ಕಾನೂನಿನ ಪ್ರಕಾರ ಅದನ್ನು ಹೊಡೆದರೆ ತಪ್ಪಲ್ಲ. ಆದರೆ ದಯವಿಟ್ಟು ಹೊಡೆಯಬೇಡಿ, ಅದು ಕಾವಿಗೆ ಕೂರುವ ಹಕ್ಕಿ.

ಜಾಗ, ಜಾಗ, ಮತ್ತೆ ಜಾಗ

ಹೊಸಬರು ಬಹಳ ಜನ ಮಾಡುವುದು ಏನೆಂದರೆ, ಒಳ್ಳೆಯ ಕೂಗಿನ ಸಾಧನ ಕೊಂಡು ಅದನ್ನು ಬಾರಿಸುವುದು ಕಲಿತರೆ ಹಕ್ಕಿ ಬರುತ್ತದೆ ಅಂದುಕೊಳ್ಳುವುದು. ನನ್ನ ಅಭಿಪ್ರಾಯ ಬೇರೆ. ಕಾಡಿನ ಪದ್ಧತಿಯಲ್ಲಿ ಹುಂಜ ಕೂಗುತ್ತದೆ, ಹೇಂಟೆ ಅದು ಇದ್ದಲ್ಲಿಗೆ ಹೋಗುತ್ತದೆ. ನಾವು ಹೇಂಟೆಯ ಹಾಗೆ ಕೂಗಿ ಹುಂಜವನ್ನೇ ನಮ್ಮ ಹತ್ತಿರ ಬಾ ಅಂತ ಕರೆಯುತ್ತಿದ್ದೇವೆ, ಅಂದರೆ ಅದರ ಸ್ವಭಾವಕ್ಕೆ ಪೂರ್ತಿ ಉಲ್ಟಾ. ಹಾಗಾಗಿ ಅದು ಹೇಗೂ ಹೋಗಬೇಕು ಅಂತಿದ್ದ ದಾರಿಯಲ್ಲೇ ನೀವು ಕೂತಿದ್ದರೆ ನಾಲ್ಕು ಮೆಲ್ಲನೆಯ ಕೂಗು ಸಾಕು. ಅದಕ್ಕೆ ಬೇಡದ ಜಾಗದಲ್ಲಿ ಕೂತರೆ ಎಷ್ಟು ಚೆನ್ನಾಗಿ ಕೂಗಿದರೂ ದೂರದಲ್ಲೇ ನಿಂತು ಉತ್ತರ ಕೊಟ್ಟು ಹೊರಟು ಹೋಗುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಜಾಗ ಎಲ್ಲಿ ಹುಡುಕುವುದು? ಸ್ವಂತ ಜಮೀನು ಇಲ್ಲದವರಿಗೆ ಪೆನ್ಸಿಲ್ವೇನಿಯಾದಲ್ಲಿ ಸ್ಟೇಟ್ ಗೇಮ್ ಲ್ಯಾಂಡ್ಸ್ ಅಂತ 15 ಲಕ್ಷ ಎಕರೆಗೂ ಜಾಸ್ತಿ ಸಾರ್ವಜನಿಕ ಕಾಡು ಇದೆ. ಅದಲ್ಲದೆ ರೈತರನ್ನು ಕೇಳಬಹುದು. ಸೀಸನ್‌ಗೆ ಒಂದೆರಡು ತಿಂಗಳು ಮೊದಲೇ ಹೋಗಿ ಬಾಗಿಲು ತಟ್ಟಿ, ಮರ್ಯಾದೆಯಿಂದ ಪರಿಚಯ ಮಾಡಿಕೊಂಡು, ಕಾರು ಎಲ್ಲಿ ನಿಲ್ಲಿಸಬೇಕು, ಯಾವ ಗೇಟು ಮುಚ್ಚಬೇಕು ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ನಕ್ಕು ಥ್ಯಾಂಕ್ಸ್ ಹೇಳಿ ಬನ್ನಿ. ಪೆನ್ಸಿಲ್ವೇನಿಯಾದಲ್ಲಿ ಜನ ವಾಸವಿರುವ ಮನೆಯ ಸುತ್ತ 150 ಗಜ ಸುರಕ್ಷಿತ ವಲಯ, ಅನುಮತಿ ಇಲ್ಲದೆ ಅಲ್ಲಿ ಬಂದೂಕಿನ ಬೇಟೆ ಇಲ್ಲ.

ಸೀಸನ್ ಶುರುವಾಗುವ ಮೊದಲು ಎರಡು ಮೂರು ವಾರಾಂತ್ಯ ಕಾಡಿನಲ್ಲಿ ಸುಮ್ನೆ ನಡೆದಾಡಿ. ತರಗೆಲೆ ಕೆದರಿದ ಗುರುತು ನೋಡಿ. ಟರ್ಕಿಗಳ ಗುಂಪು ಮೇಯ್ದು ಹೋದ ಕಡೆ ಎಲೆಗಳು ಹಿಂದಕ್ಕೆ ರಾಶಿಯಾಗಿ, ಕೆಳಗಿನ ಹಸಿ ಮಣ್ಣು ಕಾಣುತ್ತಿರುತ್ತದೆ. ಹಿಕ್ಕೆಯಲ್ಲೂ ಗೊತ್ತಾಗುತ್ತದೆ: ಹುಂಜದ್ದು ಉದ್ದಕ್ಕಿದ್ದು ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ಹೇಂಟೆಯದು ಸುರುಳಿ ಸುತ್ತಿದ ಗುಪ್ಪೆ. ಎದೆಯ ಗರಿ ಸಿಕ್ಕಿದರೆ ತುದಿ ನೋಡಿ. ಕಪ್ಪು ತುದಿ ಇದ್ದರೆ ಹುಂಜ, ಕಂದು ತುದಿ ಇದ್ದರೆ ಹೇಂಟೆ. ಒಣ ಮಣ್ಣಿನಲ್ಲಿ ಬೋಗುಣಿಯಷ್ಟು ಅಗಲದ ಗುಳಿ ಕಂಡರೆ ಅದು ಅವು ಧೂಳಿನ ಸ್ನಾನ ಮಾಡುವ ಜಾಗ. ಹೊಲದ ಅಂಚು, ಹಳೆಯ ಮರ ಸಾಗಿಸುವ ದಾರಿ, ಗುಡ್ಡದ ನೆತ್ತಿಯ ಚಪ್ಪಟೆ ಜಾಗ ಇವೆಲ್ಲ ಹುಂಜ ಬಾಲ ಬಿಚ್ಚಿ ಕುಣಿಯಲು ಇಷ್ಟಪಡುವ ಕಡೆಗಳು, ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಈ ಓಡಾಟದಲ್ಲಿ ಹೇಂಟೆಯ ಕೂಗು ಮಾತ್ರ ಹಾಕಬೇಡಿ. ಸೀಸನ್‌ಗೆ ಮೊದಲೇ ಹುಂಜಕ್ಕೆ ಪಾಠ ಕಲಿಸಿದ ಹಾಗಾಗುತ್ತದೆ.

ಹಿಂದಿನ ಸಂಜೆಯೇ ಅರ್ಧ ಕೆಲಸ

ಟರ್ಕಿ ರಾತ್ರಿ ಮರದ ಮೇಲೆ ಮಲಗುತ್ತದೆ. ಇಷ್ಟು ದೊಡ್ಡ ಹಕ್ಕಿ, ಹುಂಜ ಅಂದರೆ 8ರಿಂದ 10 ಕಿಲೋ ತೂಗುತ್ತದೆ, ಆದರೂ ಸಂಜೆ ಆಯಿತು ಅಂದರೆ ರೆಕ್ಕೆ ಬಡಿದುಕೊಂಡು ದೊಡ್ಡ ಓಕ್ ಮರದ ಅಥವಾ ಪೈನ್ ಮರದ ಕೊಂಬೆಗೆ ಏರುತ್ತದೆ. ಬೆಳಗ್ಗೆ ಎಲ್ಲಿ ಕೂರಬೇಕು ಅನ್ನುವುದು ಈ ಮರ ಗೊತ್ತಾದರೆ ಮಾತ್ರ ಗೊತ್ತಾಗುವುದು. ಆದ್ದರಿಂದ ಹಿಂದಿನ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಎತ್ತರದ ಜಾಗದಲ್ಲಿ ನಿಂತು ಕಿವಿಗೊಡಿ. ರೆಕ್ಕೆ ಬಡಿತ ನಿಶ್ಯಬ್ದದಲ್ಲಿ ದೂರಕ್ಕೆ ಕೇಳುತ್ತದೆ. ಕತ್ತಲಾಗುವ ಹೊತ್ತಿಗೆ ಗೂಬೆಯ ಕೂಗು ಹಾಕಿ. ಇಲ್ಲಿನ ಬಾರ್ಡ್ ಗೂಬೆಯದು ಎಂಟು ಹೊಡೆತದ ಕೂಗು, ಅದಕ್ಕೆಂದೇ ಪೀಪಿ ಸಿಗುತ್ತದೆ. ಗಟ್ಟಿ ಸದ್ದು ಕೇಳಿದ ತಕ್ಷಣ ಹುಂಜ ತಡೆಯಲಾರದೆ ಒಂದು ಸಲ ಗೊಳಗೊಳ ಅಂತ ಕೂಗಿಬಿಡುತ್ತದೆ. ಸಾಕು. ದಿಕ್ಕು ಗುರುತಿಸಿ, ಇನ್ನೊಂದು ಕಡೆ ನಿಂತು ಇನ್ನೊಮ್ಮೆ ಕೇಳಿ ಎರಡು ದಿಕ್ಕು ಸೇರುವ ಜಾಗ ನಕ್ಷೆಯಲ್ಲಿ ಗುರುತು ಮಾಡಿ, ಸದ್ದಿಲ್ಲದೆ ವಾಪಸ್ ಬನ್ನಿ. ಮರದ ಬುಡದ ತನಕ ಹೋಗಿ ನೋಡುವ ಆಸೆಗೆ ಬೀಳಬೇಡಿ.

ಮನೆಗೆ ಬಂದು ಚೀಲ ಕಟ್ಟುವಾಗ ಬಟ್ಟೆ ನೋಡಿಕೊಳ್ಳಿ. ಟರ್ಕಿಗೆ ವಾಸನೆಯ ಶಕ್ತಿ ತೀರಾ ಕಡಿಮೆ, ಹಾಗಾಗಿ ಜಿಂಕೆ ಬೇಟೆಯವರ ಥರ ಗಾಳಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಕಣ್ಣು ಭಯಂಕರ ಚುರುಕು. ಬಣ್ಣ ಚೆನ್ನಾಗಿ ಕಾಣುತ್ತದೆ, ತಲೆ ತಿರುಗಿಸದೆಯೇ ಹೆಚ್ಚುಕಡಿಮೆ ಸುತ್ತಲೂ ನೋಡುತ್ತದೆ. ತಲೆಯಿಂದ ಕಾಲಿನ ತನಕ ಕಾಡಿನ ಬಣ್ಣದ ಬಟ್ಟೆ, ಮುಖಕ್ಕೆ ಮುಸುಕು, ಕೈಗೆ ಗ್ಲೋವ್ಸ್ ಇವು ಬೇಕೇ ಬೇಕು. ಕೆಂಪು, ಬಿಳಿ, ನೀಲಿ, ಕಪ್ಪು ಬಣ್ಣ ಒಂದು ಎಳೆಯೂ ಹೊರಗೆ ಕಾಣಬಾರದು, ಒಳಗಿನ ಬನಿಯನ್, ಸಾಕ್ಸ್, ಜೇಬಿನ ಕರ್ಚೀಫು ಕೂಡ. ಹುಂಜದ ತಲೆ ಇರುವುದೇ ಕೆಂಪು, ಬಿಳಿ, ನೀಲಿ ಬಣ್ಣದಲ್ಲಿ, ಮೈ ಕಪ್ಪಾಗಿ ಕಾಣುತ್ತದೆ. ಪೊದೆಯ ಆಚೆ ಇರುವ ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿ ಅಂದುಕೊಳ್ಳಬಹುದು. ವಸಂತದ ಅಪಘಾತಗಳು ಹೀಗೇ ಆಗುತ್ತವೆ. ನಡೆಯುವಾಗ ಮಾತ್ರ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಳ್ಳಿ, ಕೂತ ಮೇಲೆ ತೆಗೆದು ಹಿಂದಿನ ಮರಕ್ಕೆ ಕಟ್ಟಬಹುದು.

ಇನ್ನೊಂದು ವಿಷಯ ಉಣ್ಣಿ. ಮಲೆನಾಡಿನ ಉಣುಗು ಗೊತ್ತಿದ್ದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಇಲ್ಲಿನ ಜಿಂಕೆ ಉಣ್ಣಿ ಲೈಮ್ ಕಾಯಿಲೆ ತರುತ್ತದೆ, ಪೆನ್ಸಿಲ್ವೇನಿಯಾದಲ್ಲಿ ಅದು ಬಹಳ ಜಾಸ್ತಿ. ಹಿಂದಿನ ದಿನವೇ ಬಟ್ಟೆ ಮತ್ತು ಬೂಟಿಗೆ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸಿಡಿ. ಅದು ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಹಸಿ ಇರುವಾಗ ಅದರ ಹತ್ತಿರ ಇಡಬೇಡಿ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ. ವಾಪಸ್ ಬಂದ ತಕ್ಷಣ ಸ್ನಾನ ಮಾಡಿ ಮಂಡಿ ಹಿಂದೆ, ಕಂಕುಳು, ಕೂದಲು ಎಲ್ಲ ತಡವಿ ನೋಡಿಕೊಳ್ಳಿ.

ಬಂದೂಕಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 12 ಅಥವಾ 20 ಗೇಜಿನ ಶಾಟ್‌ಗನ್, ಬಿಗಿ ಚೋಕ್ (ಚರೆ ಜಾಸ್ತಿ ಹರಡದಂತೆ ನಳಿಗೆಯ ತುದಿಯನ್ನು ಕಿರಿದು ಮಾಡುವ ಭಾಗ), 4ರಿಂದ 6 ನಂಬರಿನ ಚರೆ (ನಂಬರು ಚಿಕ್ಕದಾದಷ್ಟೂ ಚರೆ ದಪ್ಪ). ಪೆನ್ಸಿಲ್ವೇನಿಯಾದಲ್ಲಿ ಸೀಸದ ಚರೆ 4ನೇ ನಂಬರಿಗಿಂತ ದಪ್ಪ ಇರುವಂತಿಲ್ಲ, ವಸಂತದಲ್ಲಿ ರೈಫಲ್ ಇಲ್ಲವೇ ಇಲ್ಲ. ನೀವು ಕಾಡಿಗೆ ಒಯ್ಯುವ ಕಾಡತೂಸನ್ನೇ ಹಾಕಿ ಶೂಟಿಂಗ್ ರೇಂಜಿನಲ್ಲಿ 20, 30, 40 ಗಜದಲ್ಲಿ ಕಾಗದಕ್ಕೆ ಹೊಡೆದು ನೋಡಿ. 10 ಇಂಚಿನ ವೃತ್ತದೊಳಗೆ 100 ಚರೆ ಬೀಳುವಷ್ಟು ದೂರ ನಿಮ್ಮ ಮಿತಿ. ಬಹುತೇಕ ಬಂದೂಕಿಗೆ ಅದು 40 ಗಜದ ಒಳಗೇ ಇರುತ್ತದೆ. ಅದಕ್ಕಿಂತ ದೂರದ ಹಕ್ಕಿಗೆ ಹೊಡೆದರೆ ಅದು ಗಾಯಗೊಂಡು ಎಲ್ಲೋ ಹೋಗಿ ನರಳಿ ಸಾಯುತ್ತದೆ. ಆ ಪಾಪ ಬೇಡ.

ಕತ್ತಲೆಯಲ್ಲಿ ಹೊರಡುವುದು

ಮೇ ಮೊದಲ ವಾರ ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ ಸೂರ್ಯೋದಯ ಬೆಳಗ್ಗೆ ಸುಮಾರು 6 ಗಂಟೆಗೆ. ಅದಕ್ಕಿಂತ ಅರ್ಧ ಗಂಟೆ ಮೊದಲು ಗುಂಡು ಹೊಡೆಯಲು ಅನುಮತಿ. ಹುಂಜ ಮರದ ಮೇಲಿಂದ ಕೂಗಲು ಶುರು ಮಾಡುವುದು ಅದಕ್ಕೂ ಸ್ವಲ್ಪ ಮೊದಲು, ಪೂರ್ವದಲ್ಲಿ ಆಕಾಶ ಬೂದು ಬಣ್ಣಕ್ಕೆ ತಿರುಗಿದಾಗ. ಅಂದರೆ ನೀವು ಹೆಚ್ಚು ಅಂದರೆ 4:45ರ ಹೊತ್ತಿಗೆ ಮರಕ್ಕೆ ಬೆನ್ನು ಕೊಟ್ಟು ಕೂತಾಗಿರಬೇಕು. ಕಾರಿನಿಂದ ಎಷ್ಟು ದೂರ ನಡೆಯಬೇಕು ಅಂತ ಲೆಕ್ಕ ಹಾಕಿ ಅಲಾರಂ ಇಡಿ. ಕಾರಿನ ಬಾಗಿಲು ದಡಾರ್ ಅಂತ ಹಾಕಬೇಡಿ. ಅಲ್ಲಿ ಮೊದಲೇ ಇನ್ನೊಬ್ಬರ ಗಾಡಿ ನಿಂತಿದ್ದರೆ ಬೇರೆ ಜಾಗಕ್ಕೆ ಹೋಗಿ, ಅದಕ್ಕೇ ಎರಡನೆಯ ಮತ್ತು ಮೂರನೆಯ ಜಾಗ ಮೊದಲೇ ಯೋಚಿಸಿಟ್ಟುಕೊಂಡಿರಬೇಕು. ಗುಂಡು ತುಂಬಿದ ಬಂದೂಕು ಗಾಡಿಯಲ್ಲಿ ಇರುವಂತಿಲ್ಲ. ಕತ್ತಲೆಯಲ್ಲಿ ನಡೆಯುವಾಗಲೂ ಖಾಲಿ ಇರಲಿ, ಅನುಮತಿಯ ಸಮಯ ಬಂದ ಮೇಲೆ ಕೂತ ಜಾಗದಲ್ಲೇ ತುಂಬಿ.

ಹಕ್ಕಿ ಮಲಗಿರುವ ಮರದಿಂದ 100ರಿಂದ 150 ಗಜ ದೂರದಲ್ಲಿ ಕೂರಿ. ಅದಕ್ಕಿಂತ ಹತ್ತಿರ ಹೋದರೆ ಮೇಲಿರುವ ಯಾವುದಾದರೂ ಹೇಂಟೆ ನಿಮ್ಮನ್ನು ಕಂಡು ಎಚ್ಚರಿಕೆಯ ಸದ್ದು ಮಾಡುತ್ತದೆ, ಅಲ್ಲಿಗೆ ಬೆಳಗು ಮುಗಿಯಿತು. ಹಕ್ಕಿಯ ಮಟ್ಟದಲ್ಲೋ ಅಥವಾ ಸ್ವಲ್ಪ ಎತ್ತರದಲ್ಲೋ ಇರಿ. ನಿಮ್ಮ ಮತ್ತು ಅದರ ನಡುವೆ ತೊರೆ, ಬೇಲಿ, ದಟ್ಟ ಪೊದೆ ಇರಬಾರದು. ಹಾರಬಲ್ಲ ಹಕ್ಕಿಯೇ ಆದರೂ ನಡೆದು ಬರುವಾಗ ಸಣ್ಣ ತೊರೆಯೊಂದು ಅಡ್ಡ ಬಂದರೆ ಅಲ್ಲೇ ನಿಂತುಬಿಡುತ್ತದೆ. ನಿಮ್ಮ ಭುಜಕ್ಕಿಂತ ಅಗಲವಾದ ಮರ ಆರಿಸಿಕೊಳ್ಳಿ. ಅದು ಹಿಂದಿನಿಂದ ಬರುವ ಬೇಟೆಗಾರನಿಂದಲೂ ನಿಮ್ಮನ್ನು ಕಾಯುತ್ತದೆ. ಬಲಗೈಯವರಾದರೆ ಎಡ ಭುಜ ಹಕ್ಕಿಯ ದಿಕ್ಕಿಗೆ ಇರಲಿ, ಆಗ ಬಂದೂಕನ್ನು ಎರಡೂ ಕಡೆ ಸುಲಭವಾಗಿ ತಿರುಗಿಸಬಹುದು. ಮಂಡಿ ಮಡಚಿ ಅದರ ಮೇಲೆ ಬಂದೂಕು ಇಟ್ಟುಕೊಳ್ಳಿ. ಕೆಳಗೆ ದಪ್ಪದ ಕುಶನ್ ಹಾಕಿಕೊಳ್ಳಿ. ಅಂಡು ನೋಯುತ್ತಿದ್ದರೆ ಯಾರೂ ಅಲ್ಲಾಡದೆ ಕೂರಲಾರರು, ಅಲ್ಲಾಡಿದವರಿಗೆ ಟರ್ಕಿ ಸಿಗುವುದಿಲ್ಲ. ಬೆಳಕು ಬಂದ ಮೇಲೆ 40 ಗಜದಲ್ಲಿ ಇರುವ ಮರ ಅಥವಾ ಕಲ್ಲು ಯಾವುದು ಅಂತ ನೋಡಿ ನೆನಪಿಟ್ಟುಕೊಳ್ಳಿ. ಅದರ ಆಚೆ ಇರುವ ಹಕ್ಕಿ ನಿಮ್ಮದಲ್ಲ.

ಗೊಂಬೆ ಹಕ್ಕಿ ಇಡುವುದಾದರೆ 20 ಗಜದಲ್ಲಿ ಒಂದು ಹೇಂಟೆ ಸಾಕು. ಒಂದು ವರ್ಷದ ಎಳೆ ಹುಂಜದ, ಅಂದರೆ ಇಲ್ಲಿನವರು ಜೇಕ್ ಅನ್ನುತ್ತಾರಲ್ಲ ಅದರ ಗೊಂಬೆ ಜೊತೆಗಿಟ್ಟರೆ ದೊಡ್ಡ ಹುಂಜಕ್ಕೆ ಸಿಟ್ಟು ಬಂದು ನೇರ ಅದರತ್ತ ನುಗ್ಗುವುದುಂಟು. ಸಾರ್ವಜನಿಕ ಕಾಡಿನಲ್ಲಿ ಹುಂಜದ ಗೊಂಬೆ ಬೇಡ ಅನ್ನುತ್ತೇನೆ, ಅದರ ಕೆಂಪು ತಲೆಗೆ ಬೇರೆಯವರು ಗುರಿ ಇಟ್ಟರೆ ಗುಂಡಿನ ಸಾಲಿನಲ್ಲಿ ಇರುವವರು ನೀವು. ಗೊಂಬೆ ಹೊತ್ತೊಯ್ಯುವಾಗ ಪೂರ್ತಿ ಚೀಲದೊಳಗೆ ಇರಲಿ. ಕೆಲವರು ಬಿಚ್ಚಿದ ಬಾಲದ ಗರಿಯನ್ನು ಮುಂದೆ ಹಿಡಿದುಕೊಂಡು ತೆವಳುತ್ತಾ ಹುಂಜದ ಹತ್ತಿರ ಹೋಗುತ್ತಾರೆ, ವೀಡಿಯೋಗಳಲ್ಲಿ ರೋಮಾಂಚಕವಾಗಿ ಕಾಣುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ. ಪೆನ್ಸಿಲ್ವೇನಿಯಾದಲ್ಲಿ ವಸಂತದಲ್ಲಿ ಹಕ್ಕಿಯನ್ನು ಹಿಂಬಾಲಿಸಿ ಹೋಗುವುದೇ ಕಾನೂನುಬಾಹಿರ, ಕೂತು ಕರೆಯುವುದು ಮಾತ್ರ ಬೇಟೆ.

ಕರೆಯುವುದು, ಮತ್ತು ಸುಮ್ಮನಿರುವುದು

ಸಾಧನಗಳಲ್ಲಿ ಮೂರು ಬಗೆ ಜಾಸ್ತಿ ಬಳಕೆಯಲ್ಲಿವೆ. ಮರದ ಪೆಟ್ಟಿಗೆಯ ಮೇಲೆ ಮುಚ್ಚಳ ಉಜ್ಜುವ ಬಾಕ್ಸ್ ಕಾಲ್, ಸ್ಲೇಟಿನ ಬಿಲ್ಲೆಯ ಮೇಲೆ ಕಡ್ಡಿ ಉಜ್ಜುವ ಪಾಟ್ ಕಾಲ್, ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಮ್. ಹೊಸಬರು ಬಾಕ್ಸ್ ಅಥವಾ ಪಾಟ್ ಕಾಲ್‌ನಿಂದ ಶುರು ಮಾಡಿ, ಒಂದು ವಾರದಲ್ಲಿ ಕೈಗೆ ಕೂರುತ್ತದೆ. ಬಾಕ್ಸ್ ಕಾಲ್ ಮಳೆಯಲ್ಲಿ ನೆನೆದರೆ ಕೆಲಸ ಮಾಡುವುದಿಲ್ಲ, ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಬಾಯಿಯದು ಕಲಿಯಲು ಕಷ್ಟ, ಆದರೆ ಕೊನೆಯ ಕ್ಷಣದಲ್ಲಿ ಕೈ ಅಲ್ಲಾಡಿಸದೆ ಕರೆಯಬಹುದು, ಅದೊಂದು ಕಾರಣಕ್ಕೇ ಕಲಿಯಲು ಯೋಗ್ಯ. ಕಾರಿನಲ್ಲಿ ಆಫೀಸಿಗೆ ಹೋಗುವಾಗ ಅಭ್ಯಾಸ ಮಾಡಿ. ನಿಜವಾದ ಟರ್ಕಿಗಳ ಧ್ವನಿಮುದ್ರಣ ಕೇಳಿ ಕಲಿಯಿರಿ, ಸ್ಪರ್ಧೆಗೆ ಹೋಗುವ ಮನುಷ್ಯರದ್ದಲ್ಲ.

ಮೊದಲ ಕೂಗು ಹುಂಜದ್ದೇ ಆಗಿರಲಿ. ಅದು ಒಂದೆರಡು ಸಲ ಮರದ ಮೇಲಿಂದ ಕೂಗಿದ ಮೇಲೆ ನೀವು ಮೂರು ನಾಲ್ಕು ಸ್ವರದ ಮೆಲ್ಲನೆಯ ಯೆಲ್ಪ್ (ಹೇಂಟೆಯ ಸಾಮಾನ್ಯ ಕೂಗು) ಹಾಕಿ, ಆಗಷ್ಟೇ ಎಚ್ಚರವಾದ ಹೇಂಟೆ ಕೊಂಬೆಯ ಮೇಲೆ ಕೂತು ಗೊಣಗಿದಷ್ಟೇ ಸದ್ದು. ಅದು ಉತ್ತರ ಕೊಟ್ಟರೆ ನೀವು ಇದ್ದೀರಿ ಅಂತ ಅದಕ್ಕೆ ಗೊತ್ತಾಯಿತು, ಎಲ್ಲಿದ್ದೀರಿ ಅಂತಲೂ ಕರಾರುವಾಕ್ಕಾಗಿ ಗೊತ್ತಾಯಿತು. ಬಾಯಿ ಮುಚ್ಚಿ. ಇಲ್ಲೇ ಬಹಳ ಜನ ಎಡವುವುದು. ಪ್ರತಿ ಕೂಗಿಗೂ ಇದು ಉತ್ತರ ಕೊಡುತ್ತಿದೆ ಅಂತ ಖುಷಿಯಾಗಿ ಕರೆಯುತ್ತಲೇ ಹೋದರೆ ಹುಂಜ ಮರದ ಮೇಲೇ ಕೂತು ಹೇಂಟೆ ತನ್ನ ಕೆಳಗೆ ಬರಲಿ ಅಂತ ಕಾಯುತ್ತದೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹಕ್ಕಿಗಳು ಇಳಿಯುತ್ತವೆ, ರೆಕ್ಕೆಯ ಸದ್ದು ನಿಮಗೆ ಕೇಳುತ್ತದೆ. ಆಗ ನಿಮ್ಮ ಟೋಪಿಯನ್ನು ತೊಡೆಗೆ ಬಡಿದು ರೆಕ್ಕೆ ಸದ್ದು ಮಾಡಿ, ಜೊತೆಗೆ ಹೇಂಟೆ ಇಳಿಯುವಾಗಿನ ಕೊಕ್ಕಕ್ಕಕ್ ಒಂದು ಸಲ ಹಾಕಿ. ಆಮೇಲೆ ಕೈಯಿಂದ ತರಗೆಲೆ ಮೆಲ್ಲಗೆ ಕೆದರಿ, ಕೆದರುವುದು ನಿಲ್ಲಿಸಿ, ಮತ್ತೆ ಕೆದರಿ. ಮೇಯುತ್ತಿರುವ ಹೇಂಟೆಯ ಸದ್ದು ಇದೇ. ಯಾವ ಸಾಧನವೂ ಇದಕ್ಕೆ ಸಮ ಅಲ್ಲ ಅಂತ ನನಗನಿಸುತ್ತದೆ.

ಇಳಿದ ಮೇಲೆ ಅದು ಕೂಗುವುದು ನಿಲ್ಲಿಸಿದರೆ ಹೊರಟು ಹೋಯಿತು ಅಂದುಕೊಳ್ಳಬೇಡಿ. ಎಷ್ಟೋ ಹುಂಜಗಳು ಒಂದು ಸದ್ದೂ ಮಾಡದೆ ಬರುತ್ತವೆ. ಹತ್ತಿರ ಬಂದಾಗ ಉಫ್ ಅಂತ ಉಗುಳಿದ ಹಾಗೆ ಒಂದು ಸದ್ದು, ಅದರ ಹಿಂದೆಯೇ ಎದೆಯೊಳಗೆ ಕೇಳುವಂತಹ ತಗ್ಗಿದ ಗುಂಯ್ ಅನ್ನುವ ಸದ್ದು ಬರುತ್ತದೆ. ಅದು ಕೇಳಿದರೆ ಹಕ್ಕಿ ತೀರಾ ಹತ್ತಿರದಲ್ಲಿದೆ, ಕಣ್ಣು ಮಾತ್ರ ಹೊರಳಿಸಿ ಹುಡುಕಿ. 60, 70 ಗಜದಲ್ಲಿ ಬಂದು ನಿಂತು ಮುಂದಕ್ಕೆ ಬಾರದೆ ಅತ್ತಿತ್ತ ತಿರುಗುತ್ತಿದ್ದರೆ ಅದು ಹೇಂಟೆಯನ್ನು ಕಣ್ಣಿಂದ ನೋಡಬೇಕು ಅಂತ ಕಾಯುತ್ತಿದೆ. ಆಗ ಜೋರಾಗಿ ಕರೆದರೆ ಇನ್ನೂ ಅಲ್ಲೇ ಬೇರೂರುತ್ತದೆ. ಪೂರ್ತಿ ಸುಮ್ಮನಾಗಿ, ಇಲ್ಲವೇ ತಲೆ ಅಲ್ಲಾಡಿಸದೆ ಬಾಯಿಯ ಕಾಲ್‌ನಿಂದ ಒಂದು ಸಣ್ಣ ಕ್ಲಕ್ (ಹೇಂಟೆಯ ಒಂದೇ ಗಿಡ್ಡ ಸದ್ದು) ಹಾಕಿ, ಹೇಂಟೆಗೆ ಆಸಕ್ತಿ ಇಲ್ಲ ಅನ್ನಿಸುವ ಹಾಗೆ. ಕನಿಷ್ಠ 40 ನಿಮಿಷ ಏಳಬೇಡಿ.

ಹುಂಜದ ಜೊತೆ ನಿಜವಾದ ಹೇಂಟೆಗಳಿದ್ದರೆ ಅದು ಅವುಗಳ ಹಿಂದೆಯೇ ಹೋಗುತ್ತದೆ, ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಬೇಜಾರಾಗಬೇಡಿ. ಹೇಂಟೆಗಳು ಬೆಳಗಿನ ಹೊತ್ತು ಒಂದೊಂದಾಗಿ ಮೊಟ್ಟೆ ಇಡಲು ಜಾರಿಕೊಳ್ಳುತ್ತವೆ, 9, 10 ಗಂಟೆಯ ಹೊತ್ತಿಗೆ ಹುಂಜ ಒಂಟಿಯಾಗುತ್ತದೆ, ಆಗ ಬೆಳಗ್ಗೆ ಕೇಳಿದ ಕೂಗು ಅದಕ್ಕೆ ನೆನಪಾಗಿ ಹುಡುಕಿಕೊಂಡು ಬರುವುದುಂಟು. ಇಷ್ಟು ಹೊತ್ತಿಗೆ ಬಹಳ ಜನ ಬೇಟೆಗಾರರು ತಿಂಡಿಗೆ ಹೋಗಿರುತ್ತಾರೆ. ನೀವು ಚಪಾತಿ ಸುತ್ತಿಕೊಂಡು ಬಂದು ಅಲ್ಲೇ ಕೂತಿರಿ. ಆದರೆ ಗಡಿಯಾರ ನೋಡಿ: ಪೆನ್ಸಿಲ್ವೇನಿಯಾದಲ್ಲಿ ಸೀಸನ್ನಿನ ಮೊದಲ ಎರಡು ವಾರ ಮಧ್ಯಾಹ್ನ 12ಕ್ಕೆ ನಿಲ್ಲಿಸಬೇಕು. ಮಳೆ ಬಂದ ಬೆಳಗ್ಗೆ ಕಾಡು ಬಿಟ್ಟು ಹೊಲದ ಅಂಚಿನಲ್ಲಿ ಕೂರಿ, ಒದ್ದೆ ಎಲೆ ತೊಟ್ಟಿಕ್ಕುವ ಕಡೆ ಸದ್ದು ಕೇಳುವುದಿಲ್ಲ ಅಂತಲೋ ಏನೋ ಹಕ್ಕಿಗಳು ಬಯಲಿಗೆ ಬರುತ್ತವೆ.

ಟ್ರಿಗರ್‌ಗೆ ಮೊದಲು

ಬಂದೂಕು ತಿರುಗಿಸುವುದಿದ್ದರೆ ಹಕ್ಕಿಯ ತಲೆ ಮರದ ಹಿಂದೆ ಹೋದಾಗ, ಇಲ್ಲವೇ ಬಿಚ್ಚಿದ ಬಾಲ ನಿಮ್ಮ ಕಡೆ ಇದ್ದು ಅದರ ಕಣ್ಣು ಮರೆಯಾದಾಗ ಮಾತ್ರ. ಬಾಲ ಬಿಚ್ಚಿ, ಕತ್ತು ಒಳಗೆ ಎಳೆದುಕೊಂಡು ಉಬ್ಬಿ ನಿಂತಿರುವಾಗ ಹೊಡೆಯಬೇಡಿ. ಒಂದು ಕ್ಲಕ್ ಹಾಕಿದರೆ ಗರಿ ಮಡಚಿ ಕತ್ತು ಎತ್ತಿ ನೋಡುತ್ತದೆ. ಆಗ ಕತ್ತಿನ ಬೋಳು ಚರ್ಮ ಗರಿಗೆ ಸೇರುವ ಕಡೆ ಗುರಿ ಇಡಿ, ಚರೆಗಳು ತಲೆಗೂ ಕತ್ತಿಗೂ ಹರಡುತ್ತವೆ.

ಅದಕ್ಕೂ ಮೊದಲು, ಇಡೀ ಹಕ್ಕಿ ಕಂಡಿದೆಯಾ? ಗಡ್ಡ ಕಂಡಿದೆಯಾ? ಅದರ ಹಿಂದೆ ಏನಿದೆ? ಪಕ್ಕದಲ್ಲಿ ಬೇರೆ ಹಕ್ಕಿ ಇದ್ದರೆ ಅದು ದೂರ ಸರಿಯುವ ತನಕ ಕಾಯಬೇಕು. ಸದ್ದಿಗೆ, ಅಲ್ಲಾಡುವ ಪೊದೆಗೆ, ಬಣ್ಣದ ಚುಕ್ಕೆಗೆ ಯಾವತ್ತೂ ಗುಂಡು ಇಲ್ಲ. ನಸುಕಿನ ಮಬ್ಬಿನಲ್ಲಿ ಮನಸ್ಸು ತನಗೆ ಬೇಕಾದ್ದನ್ನೇ ಕಾಣಿಸುತ್ತದೆ. ಇನ್ನೊಬ್ಬ ಮನುಷ್ಯ ನಿಮ್ಮ ಕಡೆ ಬರುವುದು ಕಂಡರೆ ಕೈ ಬೀಸಬೇಡಿ, ಏಳಬೇಡಿ, ಹಕ್ಕಿಯ ಕೂಗು ಹಾಕಬೇಡಿ. ಕೂತಲ್ಲೇ ಕೂತು ಮನುಷ್ಯರ ಧ್ವನಿಯಲ್ಲಿ ಗಟ್ಟಿಯಾಗಿ ಮಾತಾಡಿ. ನಿಮ್ಮ ಬೆಳಗಿನ ಬೇಟೆ ಹಾಳಾಗುತ್ತದೆ, ಆಗಲಿ.

ಗುಂಡು ಬಿದ್ದ ಮೇಲೆ

ಸೇಫ್ಟಿ ಹಾಕಿ, ತಕ್ಷಣ ಹಕ್ಕಿಯ ಹತ್ತಿರ ಹೋಗಿ. ಬಿದ್ದ ಹಕ್ಕಿ ಎದ್ದು ಓಡುವುದುಂಟು, ಜೋರಾಗಿ ರೆಕ್ಕೆ ಬಡಿಯುತ್ತದೆ, ಅದರ ಕಾಲಿನ ಮುಳ್ಳು ಚೂಪು. ಕೈ ಹಾಕುವ ಮೊದಲು ಬೂಟಿನಿಂದ ಕತ್ತನ್ನು ಒತ್ತಿ ಹಿಡಿಯಿರಿ. ಪೂರ್ತಿ ನಿಶ್ಚಲ ಆದ ಮೇಲೆ ಬಂದೂಕು ಖಾಲಿ ಮಾಡಿ, ಹಕ್ಕಿಯನ್ನು ಅಲ್ಲಿಂದ ಕದಲಿಸುವ ಮೊದಲೇ ಲೈಸೆನ್ಸ್ ಜೊತೆ ಬರುವ ಟ್ಯಾಗ್ ಚೀಟಿ ಬರೆದು ಕಾಲಿಗೆ ಕಟ್ಟಿ. ಪೆನ್ಸಿಲ್ವೇನಿಯಾದಲ್ಲಿ 10 ದಿನದೊಳಗೆ ವರದಿ ಮಾಡಬೇಕು, ಕೆಲವು ರಾಜ್ಯಗಳಲ್ಲಿ ಅದೇ ದಿನ. ಈ ವರದಿಗಳಿಂದಲೇ ಮುಂದಿನ ವರ್ಷಗಳ ಸೀಸನ್ ಎಷ್ಟು ದಿನ ಅನ್ನುವುದು ತೀರ್ಮಾನವಾಗುತ್ತದೆ, ಉದಾಸೀನ ಬೇಡ. ಮುಳ್ಳು ಅರ್ಧ ಇಂಚಿಗಿಂತ ಚಿಕ್ಕದಾದರೆ ಒಂದು ವರ್ಷದ ಹಕ್ಕಿ, ಒಂದು ಇಂಚು ದಾಟಿದ್ದರೆ ಮೂರು ವರ್ಷ ಅಥವಾ ಮೇಲ್ಪಟ್ಟದ್ದು. ಹೊತ್ತು ತರುವಾಗ ಕಿತ್ತಳೆ ಬಣ್ಣದ ಬಟ್ಟೆ ಸುತ್ತಿ.

ಮೇ ತಿಂಗಳ ಬಿಸಿಲಿಗೆ ಮಾಂಸ ಬೇಗ ಕೆಡುತ್ತದೆ. ಬೇಗ ಕರುಳು ತೆಗೆದು, ಕಾರಿನಲ್ಲಿ ಐಸ್ ತುಂಬಿದ ಕೂಲರ್ ಇಟ್ಟಿರಿ. ಎದೆಯ ಮಾಂಸ ಮಾತ್ರ ಕತ್ತರಿಸಿಕೊಂಡು ಉಳಿದದ್ದನ್ನು ಎಸೆಯುವವರಿದ್ದಾರೆ, ಅದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಕಾಲು, ತೊಡೆ ಗಟ್ಟಿ ಇರುವುದು ನಿಜ, ಆದರೆ ನಮ್ಮ ಅಡುಗೆಗೆ ಹೇಳಿ ಮಾಡಿಸಿದ್ದು. ಕುಕ್ಕರಿನಲ್ಲಿ ಮೆತ್ತಗಾಗುವ ತನಕ ಬೇಯಿಸಿ, ಎಲುಬು ಮತ್ತು ಕಾಲಿನಲ್ಲಿರುವ ಗಟ್ಟಿ ನರಗಳನ್ನು ಎಳೆದು ತೆಗೆದು, ಹುರಿದ ಕಾಳುಮೆಣಸು, ಕೊತ್ತಂಬರಿ, ಜೀರಿಗೆ ಪುಡಿ ಹಾಕಿ ಕೊನೆಗೆ ಒಂದು ಚಮಚ ಕಾಚಂಪುಳಿ ಬಿಟ್ಟರೆ ಕಡುಬಿಗೆ ಚೆನ್ನಾಗಿ ಹೊಂದುತ್ತದೆ. ಎದೆಯ ಮಾಂಸದಲ್ಲಿ ಕೊಬ್ಬೇ ಇಲ್ಲ, ಜಾಸ್ತಿ ಹೊತ್ತು ಇಟ್ಟರೆ ಮರದ ಪುಡಿ. ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿ, ಮೊಸರು ಉಪ್ಪಿನಲ್ಲಿ ರಾತ್ರಿ ನೆನೆಸಿ, ಬಿಸಿ ಬಾಣಲೆಯಲ್ಲಿ ಬೇಗ ಹುರಿಯಿರಿ, ಒಳಗೆ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಸಾಕು. ಹೆಚ್ಚುವಾಗ ಬೆರಳಿನಿಂದ ಒತ್ತಿ ಒತ್ತಿ ಚರೆ ಹುಡುಕಿ, ಗರಿಯ ತುಂಡು ಒಳಗೆ ಸಿಕ್ಕಿಕೊಂಡಿರುವ ಕಡೆ ಚರೆಯೂ ಇರುತ್ತದೆ, ಸೀಸ ಹೊಟ್ಟೆಗೆ ಹೋಗಬಾರದು. ಮಕ್ಕಳಿಗೆ ಬಡಿಸುವ ತುಂಡುಗಳನ್ನು ಇನ್ನೊಂದು ಸಲ ನೋಡಿ. ಈ ಮಾಂಸವನ್ನು ಮಾರುವಂತಿಲ್ಲ, ಹಂಚಬಹುದು. ಮೊದಲ ಪಾಲನ್ನು ಜಮೀನು ಕೊಟ್ಟ ರೈತರ ಮನೆಗೆ, ಸಾರು ಮಾಡಿಯೇ, ತೆಗೆದುಕೊಂಡು ಹೋಗಿ. ಖಾರ ಮಾತ್ರ ಸ್ವಲ್ಪ ಕಡಿಮೆ ಹಾಕಿ.